ಉದುರಿ ಹೋದ ಸೊನ್ನೆ

ಬಹ್ರೇನಿನಲ್ಲಿ ನೆಲೆಸಿದ ಎಲ್ಲರ ಪರ್ಸಿನಲ್ಲೂ ಸಿಪಿಆರ್ ಎಂಬ ಗುರುತಿನ ಕಾರ್ಡ್ ಇರುತ್ತದೆ, ಇಲ್ಲಿನವರಾಗಲಿ, ನಮ್ಮಂತೆ ಹೊರಗಿನಿಂದ ಬಂದವರಾಗಲಿ. ಅದರ ಮೇಲೆ ಒಂಬತ್ತು ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ಹುಟ್ಟಿದ ವರ್ಷ, ಮುಂದಿನ ಎರಡು ಹುಟ್ಟಿದ ತಿಂಗಳು. 1978ರ ಜೂನ್‌ನಲ್ಲಿ ಹುಟ್ಟಿದವರ ಸಂಖ್ಯೆ 7806 ಎಂದು ಶುರುವಾಗುತ್ತದೆ. 2002ರ ಮಾರ್ಚ್‌ನಲ್ಲಿ ಹುಟ್ಟಿದವರದು 0203 ಎಂದು. ಈ ಎರಡನೆಯದನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದರೆ, ಅದು ಇದನ್ನು ಯಾವುದೋ ಮೊತ್ತವೆಂದು ತಿಳಿದು ಮೊದಲ ಸೊನ್ನೆಯನ್ನು ಉದುರಿಸಿಬಿಡುತ್ತದೆ. ಒಂಬತ್ತು ಅಂಕಿ ಎಂಟಾಗುತ್ತದೆ. 2000ದ ಮೇ ತಿಂಗಳಲ್ಲಿ ಹುಟ್ಟಿದವರದಾದರೆ ಮೂರು ಸೊನ್ನೆ ಒಟ್ಟಿಗೇ ಹೋಗಿ ಆರು ಅಂಕಿ ಉಳಿಯುತ್ತದೆ. ಬಹಳ ಕಾಲ ಇದು ಯಾರನ್ನೂ ಕಾಡಲಿಲ್ಲ, ಏಕೆಂದರೆ ಗ್ರಾಹಕರೆಲ್ಲ ಹಿಂದಿನ ಶತಮಾನದಲ್ಲಿ ಹುಟ್ಟಿದವರು. 2018ರಲ್ಲಿ ಹೊಸ ಶತಮಾನದ ಮಕ್ಕಳಿಗೆ ಹದಿನೆಂಟು ತುಂಬತೊಡಗಿತು. ಸಂಬಳದ ಪಟ್ಟಿಗಳಲ್ಲಿ, ಗ್ರಾಹಕರ ಪಟ್ಟಿಗಳಲ್ಲಿ ಸೊನ್ನೆ ಉದುರತೊಡಗಿದ್ದೂ ಆಗಲೇ.

ಇಲ್ಲಿನ ಸೀಫ್ ಎಂಬ ಬಡಾವಣೆಯ ಒಂದು ಗೋಪುರದಲ್ಲಿ ನಾನು ಡೇಟಾ ಟೀಮಿನಲ್ಲಿದ್ದಾಗ ನಡೆದದ್ದು ಇದು. ಕಂಪನಿಯ ಹೆಸರು ಬೇಡ. ಪುತ್ತೂರಿನ ಕಡೆಯ ಹುಡುಗಿಯೊಬ್ಬಳು ಸೇರಿ ಮೂರು ತಿಂಗಳಾಗಿತ್ತು. ತಿಂಗಳ ಕೊನೆಯ ರಿಪೋರ್ಟಿಗಾಗಿ ಎರಡು ಪಟ್ಟಿಗಳನ್ನು ತಾಳೆ ನೋಡುತ್ತಿದ್ದಳು. ಒಂದು ಕೌಂಟರಿನ ಸಿಸ್ಟಮ್‌ನಿಂದ ಬಂದದ್ದು, ಇನ್ನೊಂದು ಮೊಬೈಲ್ ಆ್ಯಪ್‌ನಿಂದ. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ತಿರುಗಿಸಿ ಕೇಳಿದಳು.

“ಸರ್, ಸ್ವಲ್ಪ ಸಾಲುಗಳು ಕೂಡುವುದಿಲ್ಲ. ಇದರಲ್ಲಿ ಒಂಬತ್ತು ಅಂಕಿ ಉಂಟು, ಅದರಲ್ಲಿ ಎಂಟೇ ಇರುವುದು. ಯಾಕೆ ಹಾಗೆ?”

“ಅದು ಪ್ರತಿ ತಿಂಗಳೂ ಹಾಗೆಯೇ ಮಾರಾಯ್ತಿ. ಕೂಡದ್ದನ್ನು ಅಳಿಸಿ ಮುಂದೆ ಹೋಗು. ಐದು ಗಂಟೆಗೆ ರಿಪೋರ್ಟ್ ಕಳಿಸಬೇಕು.”

“ಆಯ್ತು ಸರ್.”

ಹಾಗೆ ಹೇಳಿದವನು ನಾನೇ. ನನಗೂ ಹಿಂದಿನವರು ಹಾಗೆಯೇ ಹೇಳಿಕೊಟ್ಟಿದ್ದರು. ಒಂದೂವರೆ ವರ್ಷ ಕಳೆದ ಮೇಲೆ, ‘ಎಳೆಯ ವಯಸ್ಸಿನ ಗ್ರಾಹಕರು ನಮ್ಮ ಕಡೆ ಸುಳಿಯುತ್ತಿಲ್ಲ, ಅವರಿಗಾಗಿ ಇಟ್ಟ ರಿಯಾಯಿತಿಯನ್ನು ನಿಲ್ಲಿಸೋಣ’ ಎಂದು ಮೀಟಿಂಗಿನಲ್ಲಿ ತೀರ್ಮಾನವಾಗುವ ಹೊತ್ತಿಗೆ ಯಾರೋ ಒಬ್ಬರು ಮೂಲ ಪಟ್ಟಿಯನ್ನು ಕೆದಕಿದರು. ಎಳೆಯರು ಬರುತ್ತಲೇ ಇದ್ದರು. ತಿಂಗಳು ತಿಂಗಳೂ ಅವರನ್ನು ನಾವೇ ಅಳಿಸುತ್ತಿದ್ದೆವು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಸೀಫ್‌ನ ಕಚೇರಿಗಳಲ್ಲಿ ಅಂಕಿ ಅಂಶ ನೋಡಿಕೊಳ್ಳುವ ಸಣ್ಣ ಸಣ್ಣ ಟೀಮುಗಳಲ್ಲಿ ಕೂತಿರುವ ನಮ್ಮ ಜನರ ಜೊತೆ ಕಳೆದ ಕೆಲವು ವರ್ಷಗಳಲ್ಲಿ ಮಾತಾಡಿದಾಗಲೆಲ್ಲ, ಬೇರೆ ಬೇರೆ ರೂಪದಲ್ಲಿ ಇದೇ ಕಥೆ ಕೇಳಿದ್ದೇನೆ. ಎಲ್ಲೂ ದೊಡ್ಡ ಅನಾಹುತ ಆಗಿಲ್ಲ. ರಿಪೋರ್ಟುಗಳು ಹೊತ್ತಿಗೆ ಸರಿಯಾಗಿ ಹೋಗುತ್ತಿವೆ, ಡ್ಯಾಶ್‌ಬೋರ್ಡುಗಳಲ್ಲಿ ಹಸಿರು ಬಾಣಗಳು ಕಾಣುತ್ತಿವೆ. ಆದರೆ ‘ಯಾಕೆ ಹಾಗೆ?’ ಎಂಬ ಪ್ರಶ್ನೆ ಮೇಜಿನಿಂದ ಮೇಜಿಗೆ ಹೋಗುವುದು ನಿಂತಿದೆ. ಅನಾಹುತ ಆಗುವ ಮೊದಲೇ ಇದನ್ನು ಹೇಳಬೇಕು ಅನ್ನಿಸಿದ್ದರಿಂದ ಈ ಬರಹ.

ಸೀಫ್ ಎಂದರೆ ಅರಬ್ಬಿಯಲ್ಲಿ ಕಡಲತೀರ. ಈಗ ಗೋಪುರಗಳು ನಿಂತಿರುವ ಜಾಗದ ಬಹುಪಾಲು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಸೀಫ್ ಮಾಲ್ ತೆರೆದದ್ದು 1997ರಲ್ಲಿ, ಸಿಟಿ ಸೆಂಟರ್ 2008ರಲ್ಲಿ. ಅವುಗಳ ಸುತ್ತ ಬ್ಯಾಂಕು, ವಿಮೆ, ಟೆಲಿಕಾಂ ಕಚೇರಿಗಳು ಬಂದವು. ಸರ್ಕಾರ 2017ರಲ್ಲಿ ‘ಮೊದಲು ಕ್ಲೌಡ್’ ಎಂಬ ನೀತಿ ತಂದಿತು. 2019ರ ಜುಲೈನಲ್ಲಿ ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು ಬಹ್ರೇನಿನಲ್ಲೇ ತೆರೆಯಿತು. ಅದಾದ ಮೇಲೆ ಲೆಕ್ಕಪತ್ರ ವಿಭಾಗದ ಮೂಲೆಯಲ್ಲಿ ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ‘ಡೇಟಾ’ ಎಂಬ ಹೆಸರು ಬಂತು, ಬೇರೆ ಕ್ಯಾಬಿನ್ ಬಂತು, ಹೊಸ ಹುದ್ದೆಗಳು ಬಂದವು. ನಮ್ಮವರು ಆ ಕುರ್ಚಿಗಳಿಗೆ ಹೋದದ್ದು ಸಹಜವಾಗಿಯೇ. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯ ಎಂದು ಐದು ಬ್ಯಾಂಕುಗಳನ್ನು 1906ರಿಂದ 1931ರೊಳಗೆ ಹೆತ್ತ ಜಿಲ್ಲೆಯವರು ನಾವು. ಬಿ.ಕಾಂ. ಮುಗಿಸಿ ಕೊಲ್ಲಿಗೆ ಬಂದು ಅಕೌಂಟೆಂಟ್ ಆದವರೇ ಹೆಚ್ಚು. ಎಕ್ಸೆಲ್ ಚೆನ್ನಾಗಿ ಗೊತ್ತಿದ್ದವರು ಡೇಟಾ ಅನಲಿಸ್ಟ್ ಆದರು. ಕಲಿತು ಆದರು ಎನ್ನುವುದಕ್ಕಿಂತ, ಆದ ಮೇಲೆ ಕಲಿತರು ಎನ್ನುವುದು ಸರಿ. ಅದರಲ್ಲಿ ತಪ್ಪೇನಿಲ್ಲ, ಕಲಿಯುವುದು ನಿಲ್ಲದಿದ್ದರೆ.

ಇಲ್ಲಿ ಕಲಿಯಬೇಕಾದದ್ದಾದರೂ ಏನು? ಪೈಥಾನ್, ಎಸ್‌ಕ್ಯುಎಲ್, ಪವರ್ ಬಿಐ ಎಂದು ಎಲ್ಲರೂ ಹೇಳುತ್ತಾರೆ. ಅವನ್ನು ಬೆಂಗಳೂರಿನಲ್ಲೂ ಕಲಿಯಬಹುದು, ಬಂಟ್ವಾಳದಲ್ಲಿ ಕುಳಿತೂ ಕಲಿಯಬಹುದು. ಸೀಫ್‌ನ ಮೇಜಿನಲ್ಲಿ ಮಾತ್ರ ಸಿಗುವ ಪಾಠ ಬೇರೆ. ದಿನಾರಿಗೆ ನೂರು ಪೈಸೆಯಲ್ಲ, ಸಾವಿರ ಫಿಲ್ಸ್. ಎರಡೇ ದಶಮಾಂಶ ಸ್ಥಾನಕ್ಕೆ ಹೊಂದಿಸಿಟ್ಟ ಸಾಫ್ಟ್‌ವೇರ್ ಪ್ರತಿ ಬಿಲ್ಲಿನಲ್ಲೂ ಅಷ್ಟಿಷ್ಟು ನುಂಗುತ್ತಲೇ ಇರುತ್ತದೆ. ವ್ಯಾಟ್ 2019ರ ಜನವರಿ 1ರಂದು ಶೇ 5 ಎಂದು ಶುರುವಾಗಿ 2022ರ ಜನವರಿ 1ಕ್ಕೆ ಶೇ 10 ಆಯಿತು, ಹಳೆಯ ಕೆಲವು ಕರಾರುಗಳಿಗೆ ಮಾತ್ರ ಸ್ವಲ್ಪ ಕಾಲ ಹಳೆಯ ದರವೇ ಇತ್ತು. 2022ರ ಅದೇ ದಿನ ಯುಎಇ ತನ್ನ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿಕೊಂಡಿತು. ಇಲ್ಲಿ ಮಾತ್ರ ಶುಕ್ರವಾರ, ಶನಿವಾರವೇ ರಜೆ. ದುಬೈ ಶಾಖೆಯ ‘ವಾರ’ವನ್ನೂ ಮನಾಮಾ ಶಾಖೆಯ ‘ವಾರ’ವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ರಿಪೋರ್ಟುಗಳು ಅಂದಿನಿಂದ ಎರಡು ಬೇರೆ ವಾರಗಳನ್ನು ಹೋಲಿಸುತ್ತಿವೆ.

ಇನ್ನು ರಂಜಾನ್. ಮಾಲ್‌ಗಳ ಊರಾದ ಸೀಫ್‌ನಲ್ಲಿ ಇದನ್ನು ಅರಿಯದವರು ವ್ಯಾಪಾರದ ಅಂಕಿಯನ್ನು ಮುಟ್ಟಲೇ ಬಾರದು. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಹನ್ನೊಂದು ದಿನದಷ್ಟು ಚಿಕ್ಕದು. 2024ರಲ್ಲಿ ಉಪವಾಸ ಶುರುವಾದದ್ದು ಮಾರ್ಚ್ 11ಕ್ಕೆ, ಈದ್ ಬಂದದ್ದು ಏಪ್ರಿಲ್ 10ಕ್ಕೆ. 2025ರಲ್ಲಿ ಮಾರ್ಚ್ 1ಕ್ಕೇ ಉಪವಾಸ ಶುರು, ಮಾರ್ಚ್ 30ಕ್ಕೆ ಈದ್. ಹಬ್ಬಕ್ಕೆ ಮುಂಚಿನ ವಾರದ ಬಟ್ಟೆಬರೆ, ಸಿಹಿ ತಿಂಡಿ, ಅತ್ತರಿನ ಖರೀದಿ ಒಂದು ವರ್ಷ ಏಪ್ರಿಲ್‌ನ ಲೆಕ್ಕದಲ್ಲಿ, ಮರುವರ್ಷ ಮಾರ್ಚ್‌ನ ಲೆಕ್ಕದಲ್ಲಿ. 2024ರ ಮಾರ್ಚಿಗೆ 2025ರ ಮಾರ್ಚನ್ನು ಹೋಲಿಸಿ ಗ್ರಾಫ್ ಎಳೆದರೆ ಮಾರ್ಚ್ ಜಿಗಿಯುತ್ತದೆ, ಏಪ್ರಿಲ್ ಕುಸಿಯುತ್ತದೆ. ಅಂಗಡಿಯಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಇದು ಇಲ್ಲಿನ ಯಾವ ಅಂಗಡಿಯ ಹುಡುಗನಿಗೂ ಗೊತ್ತು. ಊರಿನಿಂದ ಹೊಸದಾಗಿ ಬಂದ ಅನಲಿಸ್ಟಿಗೆ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗಬೇಕು.

ಹೇಳುವವರು ಯಾರು ಎಂಬಲ್ಲಿಗೆ ಬಂದರೆ ನಮ್ಮ ಕಷ್ಟ ಕಾಣುತ್ತದೆ. ಇಲ್ಲಿ ನಾವೆಲ್ಲ ವೀಸಾದ ಮೇಲೆ ಇರುವವರು. ಎರಡು ವರ್ಷ, ನಾಲ್ಕು ವರ್ಷ, ಹೆಚ್ಚೆಂದರೆ ಮಕ್ಕಳ ಪಿಯುಸಿ ಮುಗಿಯುವ ತನಕ. ರಿಪೋರ್ಟನ್ನು ಕಟ್ಟಿದವರು ಒಂದು ದಿನ ಪೆಟ್ಟಿಗೆ ಕಟ್ಟಿ ಮುಹರಕ್‌ನ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ಅವರು ಬರೆದ ಫಾರ್ಮುಲಾ ಉಳಿಯುತ್ತದೆ, ಅದನ್ನು ಹಾಗೆ ಬರೆದ ಕಾರಣ ಅವರ ಜೊತೆ ವಿಮಾನ ಹತ್ತುತ್ತದೆ. ಕೊನೆಯ ವಾರ ‘ಹ್ಯಾಂಡೋವರ್’ ಎಂದು ಒಂದು ಗಂಟೆ ಕುಳಿತು ಯಾವ ಫೈಲ್ ಎಲ್ಲಿದೆ ಎಂದು ತೋರಿಸುತ್ತಾರೆ, ಎಲ್ಲೆಲ್ಲಿ ಎಡವಿದ್ದೆವು ಎಂದು ಹೇಳುವುದಿಲ್ಲ.

ಇದರ ಹಿಂದೆ ಒಂದು ಭಯವಿದೆ, ಅದನ್ನು ಮುಚ್ಚಿಡಬಾರದು. ಹೇಳಿಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂಬ ಭಯ. ಬಹ್ರೇನ್ ತನ್ನ ಯುವಜನರಿಗೆ ಕೆಲಸ ಕೊಡಲು ಬಯಸುತ್ತದೆ. 2006ರಲ್ಲಿ ಸ್ಥಾಪನೆಯಾದ ತಮ್‌ಕೀನ್ ಸಂಸ್ಥೆ ಅವರ ತರಬೇತಿಗೆ ಹಣ ಕೊಡುತ್ತದೆ. ತನ್ನ ಮಕ್ಕಳಿಗೆ ಯಾವ ದೇಶವಾದರೂ ಮಾಡಲೇಬೇಕಾದ ಕೆಲಸ ಅದು. ಪಕ್ಕದ ಕುರ್ಚಿಗೆ ಹೊಸದಾಗಿ ಬಂದ ಬಹ್ರೇನಿ ಹುಡುಗ ಏನನ್ನಾದರೂ ಕೇಳಿದಾಗ ನಮ್ಮವರಲ್ಲಿ ಕೆಲವರು ಪರದೆಯನ್ನು ಸ್ವಲ್ಪ ಆಚೆ ತಿರುಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲಯಾಳಿ ಸಹೋದ್ಯೋಗಿಗೂ ಹಾಗೆ, ಕೊನೆಗೆ ನಮ್ಮೂರಿನ ಹುಡುಗನಿಗೂ ಹಾಗೆ. ಪಾಸ್‌ವರ್ಡ್ ಹಾಕಿದ ಮ್ಯಾಕ್ರೊಗಳು, ಅಡಗಿಸಿಟ್ಟ ಹಾಳೆಗಳು, ‘ನಾನೇ ಮಾಡಿ ಕೊಡುತ್ತೇನೆ ಬಿಡು’ ಎಂಬ ಮಾತು. ಗುಟ್ಟು ಇಟ್ಟುಕೊಂಡವನನ್ನು ಕಂಪನಿ ಬಿಡಲಾರದು ಎಂಬ ನಂಬಿಕೆ. ಕಂಪನಿ ಬಿಡುತ್ತದೆ. ಗುಟ್ಟಿನ ಫೈಲು ಒಂದು ದಿನ ಕೆಟ್ಟು ನಿಂತಾಗ ಯಾರಿಗೂ ಅರ್ಥವಾಗದ ಆ ಫೈಲನ್ನೂ ಅದರ ಯಜಮಾನನನ್ನೂ ಒಟ್ಟಿಗೇ ಬದಿಗಿಟ್ಟು, ಇಡೀ ಕೆಲಸವನ್ನು ಬೇರೆ ಊರಿನ ಕೇಂದ್ರಕ್ಕೆ ಒಪ್ಪಿಸಿಬಿಡುತ್ತದೆ.

ತಪ್ಪನ್ನು ತೆರೆದು ಮಾತಾಡುವ ಟೀಮೇ ಒಳ್ಳೆಯ ಟೀಮು ಎನ್ನುವುದನ್ನು ಯಾರೂ ಊಹಿಸಿ ಹೇಳಿದ್ದಲ್ಲ. 1990ರ ದಶಕದಲ್ಲಿ ಆ್ಯಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿಯ ತಪ್ಪುಗಳು ಕಡಿಮೆ ಇರುತ್ತವೆ ಎಂದು ಎಣಿಸಿದ್ದರು. ಸಿಕ್ಕ ಅಂಕಿ ತಿರುಗಾಮುರುಗ: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ನುಂಗಿಕೊಳ್ಳುತ್ತಿದ್ದರು ಎಂದು ಅವರು ಆಮೇಲೆ ಕಂಡುಕೊಂಡರು. ನಮ್ಮ ಕಚೇರಿಗಳಲ್ಲಿ ‘ಈ ವರ್ಷ ಒಂದೂ ತಪ್ಪಾಗಿಲ್ಲ’ ಎಂದು ಹೆಮ್ಮೆಯಿಂದ ಹೇಳುವ ಮ್ಯಾನೇಜರುಗಳು ಈ ಅಂಕಿಯನ್ನು ಸ್ವಲ್ಪ ಹೊತ್ತು ಮುಂದಿಟ್ಟುಕೊಂಡು ಕೂರಬೇಕು.

ದೊಡ್ಡವರೂ ಎಡವಿದ್ದಾರೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯಲ್ಲಿ ಕೋವಿಡ್ ಪ್ರಕರಣಗಳ ಫೈಲನ್ನು ಹಳೆಯ ಎಕ್ಸೆಲ್ ನಮೂನೆಯಲ್ಲಿ ಸಾಗಿಸುತ್ತಿದ್ದರು. ಆ ನಮೂನೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಕೆಳಗೆ ಬಿದ್ದವು. 15,841 ಸೋಂಕಿತರು ದಿನದ ಲೆಕ್ಕದಿಂದ ಹೊರಗುಳಿದರು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. ಆ ಮಿತಿ ಗುಟ್ಟೇನೂ ಆಗಿರಲಿಲ್ಲ. 2007ರಲ್ಲೇ ಹೊಸ ನಮೂನೆ ಬಂದು ಆ ತೊಂದರೆ ನೀಗಿತ್ತು. ಒಂದು ಕಾಲಕ್ಕೆ ಸರಿಯಾಗಿ ನಡೆದದ್ದನ್ನು ಹಾಗೆಯೇ ನಡೆಸಿಕೊಂಡು ಹೋದರು, ಅಷ್ಟೇ.

ಇನ್ನೊಂದು ಕಥೆ ನನಗೆ ಹೆಚ್ಚು ಇಷ್ಟ. ದೇಶದ ಸಾಲ ಅದರ ಜಿಡಿಪಿಯ ಶೇ 90 ಮೀರಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು, ರೈನ್‌ಹಾರ್ಟ್ ಮತ್ತು ರೋಗಾಫ್, 2010ರಲ್ಲಿ ಪ್ರಬಂಧ ಬರೆದರು. ಹಲವು ಸರ್ಕಾರಗಳ ಮಿತವ್ಯಯದ ವಾದಕ್ಕೆ ಅದು ಆಧಾರವಾಯಿತು. ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ಯಾವುದಾದರೂ ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ನೋಡುವ ಹೋಂವರ್ಕ್ ಕೊಟ್ಟಿದ್ದರು. ಅವನು ಇದನ್ನು ಆರಿಸಿಕೊಂಡ. ಎಷ್ಟು ಮಾಡಿದರೂ ಉತ್ತರ ಕೂಡಲಿಲ್ಲ. ಲೇಖಕರನ್ನೇ ಕೇಳಿದ, ಅವರು ಎಕ್ಸೆಲ್ ಫೈಲನ್ನು ಕಳಿಸಿಕೊಟ್ಟರು. ತೆರೆದು ನೋಡಿದರೆ ಸರಾಸರಿ ತೆಗೆದ ಫಾರ್ಮುಲಾದಲ್ಲಿ ಐದು ದೇಶಗಳ ಸಾಲುಗಳೇ ಸೇರಿರಲಿಲ್ಲ. 2013ರಲ್ಲಿ ಅದು ಪ್ರಕಟವಾಯಿತು. ಇಲ್ಲಿ ವಿದ್ಯಾರ್ಥಿಯ ಛಲ ಎಷ್ಟು ದೊಡ್ಡದೋ, ಕೇಳಿದಾಗ ಫೈಲನ್ನು ಕೊಟ್ಟವರ ನಡೆಯೂ ಅಷ್ಟೇ ದೊಡ್ಡದು. ಇವರಿಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಆ ತಪ್ಪು ಇಂದಿಗೂ ಪಾಠವಾಗಿ ನಡೆಯುತ್ತಿರುತ್ತಿತ್ತು.

ಈಗ ಹೊಸದೊಂದು ಸೇರಿದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹೊಸಬರು ಪಕ್ಕದವರನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ಯಂತ್ರ ಗದರುವುದಿಲ್ಲ, ಐದು ಗಂಟೆ ಆಯಿತು ಎನ್ನುವುದಿಲ್ಲ, ಒಂದು ನಿಮಿಷದಲ್ಲಿ ಕ್ವೆರಿ ಬರೆದುಕೊಡುತ್ತದೆ. ಅದರಿಂದ ಬಹಳ ಉಪಯೋಗವಿದೆ, ನಾನೂ ದಿನಾ ಬಳಸುತ್ತೇನೆ. ಆದರೆ ನಮ್ಮ ಟೇಬಲ್ಲಿನಲ್ಲಿ ಕೂಡದ ಸಾಲುಗಳನ್ನು ಅಳಿಸುವ ರೂಢಿ ಇತ್ತು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಎಲ್ಲೂ ಬರೆದಿಡದ್ದು ಹೊಸಬರಿಗೂ ಸಿಗುವುದಿಲ್ಲ, ಯಂತ್ರಕ್ಕೂ ಸಿಗುವುದಿಲ್ಲ. ಮೊದಲಾದರೆ ತಪ್ಪು ಕ್ವೆರಿ ಬರೆಯಲು ಅರ್ಧ ದಿನ ಬೇಕಿತ್ತು, ಆ ಅರ್ಧ ದಿನದಲ್ಲಿ ಯಾರಾದರೂ ನೋಡಿ ತಡೆಯುತ್ತಿದ್ದರು. ಈಗ ಅಷ್ಟೂ ಸಮಯವಿಲ್ಲ. ಇದರ ಜೊತೆಗೆ ಗ್ರಾಹಕರ ಹೆಸರು, ಸಿಪಿಆರ್ ಸಂಖ್ಯೆ ಇರುವ ಹಾಳೆಯನ್ನೇ ಅಂಥ ಪೆಟ್ಟಿಗೆಗೆ ಅಂಟಿಸಿ ‘ಇದನ್ನು ಸರಿ ಮಾಡು’ ಎನ್ನುವವರಿದ್ದಾರೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು ಬಹ್ರೇನಿನಲ್ಲಿ 2018ರ 30ನೇ ಸಂಖ್ಯೆಯ ಕಾನೂನು ಇದೆ, 2019ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಅದನ್ನು ಒಮ್ಮೆಯಾದರೂ ಟೀಮಿನಲ್ಲಿ ಕುಳಿತು ಓದಿದ ಕಚೇರಿ ಎಷ್ಟಿವೆ ಎಂದು ನಿಮ್ಮ ಪಕ್ಕದವರನ್ನೇ ಕೇಳಿ ನೋಡಿ.

ಹೊತ್ತಿರುವಾಗಲೇ ಕಲಿಯುವ ಪಾಠ ಈ ದ್ವೀಪದಲ್ಲೇ ಇದೆ. ಸೀಫ್‌ನಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಪೂರ್ವಕ್ಕೆ ಹೋಗಿ ಸೇತುವೆ ದಾಟಿದರೆ ಮುಹರಕ್. ಅಲ್ಲಿ ಮುತ್ತಿನ ವ್ಯಾಪಾರದ ಹಳೆಯ ಮನೆಗಳನ್ನು ಕಾಪಾಡಿಟ್ಟಿದ್ದಾರೆ, 2012ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ನೂರು ವರ್ಷದ ಹಿಂದೆ ಈ ದ್ವೀಪದ ಬದುಕು ಮುತ್ತಿನ ಮೇಲೆ ನಿಂತಿತ್ತು, ಮುತ್ತು ನಮ್ಮ ಮುಂಬಯಿಗೂ ಹೋಗುತ್ತಿತ್ತು. ಮುಳುಗಾರರು ಮುಂಗಡ ಸಾಲದಲ್ಲಿ ಬಿದ್ದಿರುತ್ತಿದ್ದರು, ಲೆಕ್ಕವೆಲ್ಲ ದೋಣಿಯ ನಾಯಕನಾದ ನಾಖುದಾನ ಕೈಯಲ್ಲಿ. 1920ರ ದಶಕದ ಸುಧಾರಣೆಗಳಲ್ಲಿ ಪ್ರತಿ ಮುಳುಗಾರನಿಗೂ ಅವನದೇ ಲೆಕ್ಕದ ಪುಸ್ತಕ ಇರಬೇಕೆಂದು ನಿಯಮ ಬಂತು. ಪುಸ್ತಕವೇನೋ ಬಂತು, ಓದಲು ಬರುವವರು ಎಷ್ಟು ಮಂದಿ? ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಇಳಿದು, 1929ರ ಆರ್ಥಿಕ ಕುಸಿತವೂ ಸೇರಿ ಆ ಬದುಕು ಕೆಲವೇ ವರ್ಷಗಳಲ್ಲಿ ಕುಸಿಯಿತು. ಮುಳುಗುವ ವಿದ್ಯೆಯಲ್ಲಿ ಅವರು ನಿಪುಣರಾಗಿದ್ದರು, ಆ ವಿದ್ಯೆಯನ್ನು ಕೇಳುವವರೇ ಇಲ್ಲವಾದರು. ಆದರೆ ಇದೇ ಮುಹರಕ್‌ನಲ್ಲಿ 1919ರಲ್ಲಿ ಗಂಡುಮಕ್ಕಳಿಗೆ, 1928ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು. ತೈಲ ಸಿಕ್ಕಿದ್ದು 1932ರಲ್ಲಿ. ಮುತ್ತು ಇನ್ನೂ ಚೆನ್ನಾಗಿ ನಡೆಯುತ್ತಿದ್ದಾಗಲೇ ಶಾಲೆ ಶುರು ಮಾಡಿದರಲ್ಲ, ಆ ಹೊತ್ತನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನಮ್ಮ ರಿಪೋರ್ಟುಗಳು ಚೆನ್ನಾಗಿ ನಡೆಯುತ್ತಿರುವ ಹೊತ್ತೂ ಇದೇ.

ನಮ್ಮವರು ಕಲಿಯುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ರಾತ್ರಿ ಮಕ್ಕಳನ್ನು ಮಲಗಿಸಿ, ಹನ್ನೊಂದು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ಪೈಥಾನ್ ವಿಡಿಯೊ ನೋಡುವ ತಾಯಂದಿರನ್ನು ಬಲ್ಲೆ. ಶುಕ್ರವಾರದ ರಜೆಯನ್ನು ಕೋರ್ಸಿಗೆ ಒಪ್ಪಿಸಿದವರಿದ್ದಾರೆ, ಸ್ವಂತ ಸಂಬಳದಿಂದ ಪರೀಕ್ಷೆಯ ಶುಲ್ಕ ಕಟ್ಟಿದವರಿದ್ದಾರೆ. ನೋವಿನ ಸಂಗತಿ ಏನೆಂದರೆ ಈ ಕಲಿಕೆ ಕಚೇರಿಯ ಬಾಗಿಲು ದಾಟಿ ಒಳಗೆ ಬರುವುದಿಲ್ಲ. ಒಬ್ಬೊಬ್ಬರೇ ಕಲಿಯುತ್ತಾರೆ, ಒಬ್ಬೊಬ್ಬರೇ ಮರೆಯುತ್ತಾರೆ. ಸರ್ಟಿಫಿಕೇಟ್ ಲಿಂಕ್ಡ್‌ಇನ್‌ಗೆ ಹೋಗುತ್ತದೆ, ಬೆಳಿಗ್ಗೆ ಅದೇ ಹಳೆಯ ಫೈಲ್ ತೆರೆಯುತ್ತದೆ. ಕಂಪನಿಗಳು ವರ್ಷಕ್ಕೊಮ್ಮೆ ಎರಡು ದಿನದ ತರಬೇತಿ ಮಾಡಿಸಿ, ಹೋಟೆಲಿನಲ್ಲಿ ಊಟ ಹಾಕಿ, ಕಲಿಕೆಯ ಲೆಕ್ಕ ತೀರಿತು ಎಂದುಕೊಳ್ಳುತ್ತವೆ.

ಹಾಗಾದರೆ ಹೇಗೆ? ದೊಡ್ಡ ಯೋಜನೆ ಬೇಡ. ವಾರಕ್ಕೆ ಒಂದು ಗಂಟೆ, ಕೆಲಸದ ಹೊತ್ತಿನಲ್ಲೇ, ಟೀಮಿನವರೆಲ್ಲ ಒಂದು ಪರದೆಯ ಮುಂದೆ ಕೂರಬೇಕು. ಗುರುವಾರ ಮಧ್ಯಾಹ್ನ ಬೇಡ, ಆಗ ಎಲ್ಲರ ಮನಸ್ಸು ಮನೆಯಲ್ಲಿರುತ್ತದೆ. ಒಬ್ಬರು ತಮ್ಮ ಒಂದು ಫೈಲನ್ನು ತೆರೆದು ಅದರ ಫಾರ್ಮುಲಾಗಳನ್ನು ಗಟ್ಟಿಯಾಗಿ ಓದಿ ಹೇಳಬೇಕು, ಉಳಿದವರು ಯಾಕೆ ಎಂದು ಕೇಳಬೇಕು. ಮೊದಲ ವಾರ ಟೀಮಿನ ಹಿರಿಯರೇ ತಮ್ಮ ಫೈಲ್ ತೆರೆಯಬೇಕು, ಅದರಲ್ಲೂ ತಪ್ಪು ಸಿಕ್ಕಿದ ಫೈಲ್. ಕಿರಿಯರನ್ನು ಮೊದಲು ನಿಲ್ಲಿಸಿದರೆ ಅದು ಪರೀಕ್ಷೆಯಾಗುತ್ತದೆ, ಎರಡನೇ ವಾರಕ್ಕೆ ನಿಂತುಹೋಗುತ್ತದೆ. ನಮ್ಮ ಹಳೆಯ ಬ್ಯಾಂಕುಗಳಲ್ಲಿ ದಿನದ ಪುಸ್ತಕ ಬರೆಯುವವರು ಒಬ್ಬರು, ಟಿಕ್ ಹಾಕುವವರು ಇನ್ನೊಬ್ಬರು. ಹತ್ತು ಪೈಸೆ ತಾಳೆಯಾಗದಿದ್ದರೂ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಅದನ್ನು ನೋಡಿ ಬೆಳೆದ ನಮಗೆ ಇದು ಹೊಸದಾಗಬಾರದು.

ಜೊತೆಗೆ ಒಂದು ತಪ್ಪಿನ ಪುಸ್ತಕ ಬೇಕು. ಏನಾಯಿತು, ಯಾಕಾಯಿತು, ಹೇಗೆ ಗೊತ್ತಾಯಿತು, ಈಗ ಏನು ಮಾಡುತ್ತೇವೆ ಎಂದು ನಾಲ್ಕು ಸಾಲು. ಹೆಸರು ಬರೆಯಬಾರದು. ಹೊಸಬರು ಬಂದ ಮೊದಲ ದಿನ ಅದನ್ನೇ ಓದಲು ಕೊಡಬೇಕು. ಫಿಲ್ಸ್, ವ್ಯಾಟ್, ರಂಜಾನ್, ಸಿಪಿಆರ್‌ನ ಸೊನ್ನೆ, ಎಲ್ಲವೂ ಅದರಲ್ಲಿ ತಾನಾಗಿ ಬಂದು ಸೇರುತ್ತವೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೊಸ ಹುಡುಗ ಮೊದಲು ಕೋಡಂಗಿಯಾಗಿ ರಂಗಕ್ಕೆ ಬರುತ್ತಾನೆ, ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ. ಚೌಕಿಯಲ್ಲಿ ಹಿರಿಯರು ಬಣ್ಣ ಹಾಕಿಕೊಳ್ಳುವುದನ್ನು ನೋಡುತ್ತಾ ಕೂರುತ್ತಾನೆ, ರಂಗದ ಬದಿಯಲ್ಲಿ ನಿಂತು ಅರ್ಥ ಕೇಳಿಸಿಕೊಳ್ಳುತ್ತಾನೆ. ತರಗತಿಯೂ ಮೇಳವೂ ಅಲ್ಲಿ ಬೇರೆ ಬೇರೆಯಲ್ಲ, ಪ್ರತಿ ರಾತ್ರಿಯ ಆಟದೊಳಗೇ ಕಲಿಕೆ ಸೇರಿಕೊಂಡಿದೆ. ಮುಖ್ಯ ವೇಷಧಾರಿ ತನ್ನ ವೇಷವನ್ನು ಕಿರಿಯನಿಂದ ಬಚ್ಚಿಡುವುದಿಲ್ಲ. ಬಚ್ಚಿಟ್ಟರೆ ಅವನಿಗೆ ಜ್ವರ ಬಂದ ದಿನ ಆಟವೇ ನಿಲ್ಲುತ್ತದೆ. ಮನಾಮಾದಲ್ಲಿ ನಮ್ಮವರು ಯಕ್ಷಗಾನ ಆಡಿದಾಗ ಕಚೇರಿಯ ಮ್ಯಾನೇಜರುಗಳೇ ಹಿಮ್ಮೇಳದವರ ಮುಂದೆ ಶಿಷ್ಯರಾಗಿ ಕೂತದ್ದನ್ನು ಕಂಡಿದ್ದೇವೆ. ಭಾನುವಾರ ಬೆಳಿಗ್ಗೆ ಆ ವಿನಯ ಲಿಫ್ಟಿನ ಕೆಳಗೇ ಉಳಿದುಬಿಡಬಾರದು.

ಕಂಪನಿ ನಡೆಸುವವರಿಗೆ ಒಂದು ಮಾತು. ಗುಟ್ಟನ್ನು ಬಿಟ್ಟುಕೊಟ್ಟವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಕಲಿಸಿದವನ ವೀಸಾ ಮರುವರ್ಷ ನವೀಕರಣವಾಗದಿದ್ದರೆ ಆಮೇಲೆ ಆ ಮಹಡಿಯಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿಕೊಡುವುದಿಲ್ಲ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ‘ಎಷ್ಟು ರಿಪೋರ್ಟ್ ಮಾಡಿದೆ’ ಎಂದು ಕೇಳುತ್ತೀರಿ. ‘ಯಾರಿಗೆ ಏನು ಕಲಿಸಿದೆ’ ಎಂದೂ ಕೇಳಿ, ಸಂಬಳ ಏರಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಹ್ರೇನಿ ಹುಡುಗಿಗೂ ಕುಂದಾಪುರದ ಹುಡುಗನಿಗೂ ಒಂದೇ ಪರದೆಯ ಮುಂದೆ ಕುರ್ಚಿ ಹಾಕಿ.

ನಿಮ್ಮ ಟೀಮು ಎಲ್ಲಿ ನಿಂತಿದೆ ಎಂದು ತಿಳಿಯಲು ಸಲಹೆಗಾರರಿಗೆ ಹಣ ಕೊಡಬೇಕಾಗಿಲ್ಲ. ಇಲ್ಲಿನ 2012ರ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ 30 ದಿನ ರಜೆ ಇದೆ. ಶಾಲೆಗಳಿಗೆ ಬೇಸಿಗೆ ರಜೆ ಬಿದ್ದೊಡನೆ ಮಂಗಳೂರಿನ ವಿಮಾನಗಳು ತುಂಬುತ್ತವೆ. ಟೀಮಿನ ಮುಖ್ಯಸ್ಥ ಊರಿಗೆ ಹೋದ ಆ ತಿಂಗಳು ಅವನ ಫೋನಿಗೆ ಸೀಫ್‌ನಿಂದ ಎಷ್ಟು ಕರೆ ಹೋಯಿತು ಎಂದು ಎಣಿಸಿ. ದೇವಸ್ಥಾನದ ಅಂಗಳದಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಿಂತು ‘ಮೂರನೇ ಹಾಳೆಯ ಕೆಳಗೆ ನೋಡು, ಅಲ್ಲಿ ಒಂದು ಕಾಲಂ ಅಡಗಿದೆ’ ಎಂದು ಹೇಳುತ್ತಿರುವವರನ್ನು ನಾವೆಲ್ಲ ನೋಡಿದ್ದೇವೆ. ಅವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ‘ನಾನಿಲ್ಲದಿದ್ದರೆ ಅಲ್ಲಿ ನಡೆಯುವುದಿಲ್ಲ’ ಎಂದು. ಆ ಫೋನ್ ಕರೆಯೇ ನಾನು ಹೇಳುತ್ತಿರುವ ಮುನ್ಸೂಚನೆ. ಈ ಸಲ ರಜೆಗೆ ಎರಡು ವಾರ ಮುಂಚೆ ಇನ್ನೊಬ್ಬರ ಕೈಯಲ್ಲಿ ರಿಪೋರ್ಟ್ ಮಾಡಿಸಿ, ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿರಿ. ಅವರು ನಿಂತ ಜಾಗವನ್ನೆಲ್ಲ ಬರೆದುಕೊಳ್ಳಿ.

ಪುತ್ತೂರಿನ ಆ ಹುಡುಗಿ ಈಗ ಬೇರೆ ಕಡೆ ಒಳ್ಳೆಯ ಕೆಲಸದಲ್ಲಿದ್ದಾಳೆ. ಇದನ್ನು ಬರೆಯುವ ಮುಂಚೆ ಫೋನ್ ಮಾಡಿದೆ. ಅಂದು ಅವಳು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಎಂದೆ, ಸೊನ್ನೆ ಉದುರುವ ಕಾರಣವನ್ನು ವಿವರಿಸಲು ಹೊರಟೆ. ಅವಳು ನಡುವೆಯೇ ತಡೆದಳು.

“ಅದು ನನಗೆ ಮರುದಿನವೇ ಗೊತ್ತಾಗಿತ್ತು ಸರ್. ನನ್ನ ತಮ್ಮನ ಕಾರ್ಡ್ ನೋಡಿದೆ, ಅವನದೂ ಸೊನ್ನೆಯಿಂದ ಶುರು. ನೀವು ಅರ್ಜೆಂಟಲ್ಲಿ ಇದ್ದಿರಿ ಅಲ್ಲವಾ, ಮತ್ತೆ ಹೇಳಲಿಕ್ಕೆ ಹೋಗಲಿಲ್ಲ.”